ರಾಗಿಯ ತವರಿನಿಂದ ಬಂದ ನೆಂಟಸ್ತನ

ಕೇಳುಗರೆಲ್ಲರಿಗೂ ನಮಸ್ಕಾರ.

ರಾಗಿ ಹೂ ಬಿಡುವುದನ್ನು ನೀವು ನೋಡಿದ್ದೀರಾ? ಮಂಡ್ಯ, ತುಮಕೂರು, ಹಾಸನದ ಕಡೆಯ ಎಷ್ಟೋ ರೈತರಿಗೆ ನಾನು ಈ ಪ್ರಶ್ನೆ ಕೇಳಿದ್ದೇನೆ. ಹುಟ್ಟಿದಾಗಿನಿಂದ ರಾಗಿ ಹೊಲದಲ್ಲೇ ಓಡಾಡಿದವರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ತೆನೆ ಗೊತ್ತು, ಕಾಳು ಗೊತ್ತು, ಹುಲ್ಲು ಗೊತ್ತು. ಹೂ? ತಪ್ಪು ಅವರದಲ್ಲ. ರಾಗಿ ಅರಳುವುದು ಊರೆಲ್ಲ ಮಲಗಿರುವಾಗ, ನಡುರಾತ್ರಿ ದಾಟಿ ಒಂದು ಗಂಟೆಯಿಂದ ಬೆಳಗಿನ ಜಾವ ಐದು ಗಂಟೆಯೊಳಗೆ.

ಒಮ್ಮೆ ನಾನು ಬ್ಯಾಟರಿ ಮತ್ತು ಭೂತಗನ್ನಡಿ ಹಿಡಿದು, ಮೂರೂವರೆ ಗಂಟೆಗೆ ನಮ್ಮ ಮನೆಯ ಹಿಂದಿನ ಹೊಲದ ಬದುವಿನ ಮೇಲೆ ಕುಳಿತೆ. ಮಂಜಿಗೆ ಸೀರೆಯ ಅಂಚೆಲ್ಲ ನೆನೆದಿತ್ತು. ತೆನೆಯ ಒಂದು ಬೆರಳನ್ನು ಬೆಳಕಿಗೆ ಹಿಡಿದಾಗ, ತುದಿಯ ಕಡೆ ಕೆಲವು ಹಸಿರು ಸಿಪ್ಪೆಗಳು ತುಸುವೇ ಬಾಯಿ ಬಿಟ್ಟಿದ್ದವು. ಒಳಗಿನಿಂದ ಮೂರು ಕೇಸರಗಳು ಹೊರಗೆ ಇಣುಕುತ್ತಿದ್ದವು. ಅವುಗಳ ನಡುವೆ ಹಕ್ಕಿಯ ಗರಿಯಂತೆ ಕವಲೊಡೆದ ಎರಡು ಪುಟ್ಟ ಕುಚ್ಚುಗಳು. ಅಷ್ಟೇ ರಾಗಿಯ ಹೂ. ಉಸಿರು ಬಿಟ್ಟರೆ ಅಲುಗಾಡುತ್ತಿತ್ತು. ಮರುದಿನ ಅದೇ ಬೆರಳಿನಲ್ಲಿ ಇನ್ನಷ್ಟು ಕೆಳಗಿನ ಹೂಗಳು ತೆರೆದಿದ್ದವು. ಹೀಗೆ ತುದಿಯಿಂದ ಬುಡದ ಕಡೆಗೆ ಇಳಿಯುತ್ತ, ಒಂದು ತೆನೆ ಅರಳಿ ಮುಗಿಯಲು ಎಂಟು ಹತ್ತು ದಿನ ಬೇಕು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ಹೊಸ ತಳಿ ಮಾಡುವುದೆಂದರೆ ಒಂದು ಗಿಡದ ಪರಾಗವನ್ನು ಇನ್ನೊಂದು ಗಿಡದ ಹೂವಿಗೆ ಮುಟ್ಟಿಸುವುದು. ಜೋಳದಲ್ಲಿ, ಹತ್ತಿಯಲ್ಲಿ ಅದು ಕೈಗೆ ಎಟಕುವ ಕೆಲಸ. ರಾಗಿಯಲ್ಲಿ ಹಾಗಲ್ಲ. ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಮದುವೆ ಮುಗಿದೇ ಹೋಗಿರುತ್ತದೆ: ತನ್ನ ಪರಾಗ ತನಗೇ. ಆ ಪರಾಗದ ಆಯುಸ್ಸಾದರೂ ಎಷ್ಟು? ಹತ್ತು ಹದಿನೈದು ನಿಮಿಷ. ಸೂಜಿಮೊನೆಯಷ್ಟು ಸಣ್ಣ ಹೂವಿನಿಂದ ಕೇಸರ ಕೀಳಲು ಹೋದರೆ ಹೂವೇ ಹಾಳಾಗುತ್ತದೆ. ಅದಕ್ಕೆ ತಳಿಗಾರರು ಉಪಾಯ ಕಂಡುಕೊಂಡರು. ಹಸಿರು ಕಡ್ಡಿಯ ಗಿಡದ ತೆನೆಯನ್ನೂ ನೇರಳೆ ಬಣ್ಣದ ಗಿಡದ ತೆನೆಯನ್ನೂ ಅರಳುವ ಮೊದಲೇ ಒಂದಕ್ಕೊಂದು ಒತ್ತಿ ಕಟ್ಟಿಬಿಡುವುದು. ಹಸಿರು ತೆನೆಯ ಕಾಳನ್ನೆಲ್ಲ ಬಿತ್ತಿ, ಮೊಳೆತ ನೂರಾರು ಹಸಿರು ಸಸಿಗಳ ನಡುವೆ ನೇರಳೆ ಛಾಯೆಯ ಒಂದೆರಡು ಸಸಿ ಸಿಕ್ಕುತ್ತವೆಯೇ ಎಂದು ಹುಡುಕುವುದು. ಸಿಕ್ಕರೆ ಅದೇ ಸಂಕರ. ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಮೊದಲಿನಿಂದ.

ಈ ಕೆಲಸಕ್ಕೆ ಬದುಕನ್ನೇ ಕೊಟ್ಟವರು ಲಕ್ಷ್ಮಣಯ್ಯನವರು. 1921ರಲ್ಲಿ ಮೈಸೂರು ಸೀಮೆಯ ಹಾರೋಹಳ್ಳಿಯಲ್ಲಿ ಹುಟ್ಟಿದವರು. ಮಂಡ್ಯದ ವಿ.ಸಿ. ಫಾರಂನಲ್ಲಿ, ಅಂದರೆ ಕನ್ನಂಬಾಡಿಯ ನೀರು ಹರಿಯುವ ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ಕೃಷಿ ಕ್ಷೇತ್ರದಲ್ಲಿ, ದಶಕಗಳ ಕಾಲ ರಾಗಿಯ ಸಾಲುಗಳ ನಡುವೆ ದುಡಿದರು. 1950ರ ದಶಕದಿಂದ 60ರ ದಶಕದ ಮೊದಲ ಭಾಗದವರೆಗೆ ಅವರ ಕೈಯಿಂದ ಬಂದ ತಳಿಗಳ ಹೆಸರು ಕೇಳಿ: ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ. ಮನೆಯ ಮಕ್ಕಳಿಗೆ ಇಟ್ಟಂಥ ಹೆಸರುಗಳು.

ಅದು ದೇಶ ಹಸಿದಿದ್ದ ಕಾಲ. ಎಲ್ಲರ ಕಣ್ಣೂ ಗಿಡ್ಡ ಗೋಧಿಯ ಮೇಲೆ, 1966ರಲ್ಲಿ ಬಂದ ಐ.ಆರ್.-8 ಭತ್ತದ ಮೇಲೆ ಇತ್ತು. ನೀರು ಗೊಬ್ಬರ ಇದ್ದವರಿಗೆ ಆ ಬೆಳೆಗಳು ವರವಾದವು. ಮಳೆಯನ್ನೇ ನಂಬಿದ ನಮ್ಮ ಕೆಂಪು ಮಣ್ಣಿನ ರಾಗಿ ಮಾತ್ರ ಸರ್ಕಾರಿ ಕಡತಗಳಲ್ಲಿ ‘ಒರಟು ಧಾನ್ಯ’ವಾಗಿಯೇ ಉಳಿಯಿತು. ಆ ಮಾತು ನನಗೆ ಇಂದಿಗೂ ನೋವು ತರುತ್ತದೆ. ಕೋಟ್ಯಂತರ ಹೊಟ್ಟೆ ತುಂಬಿಸಿದ ಕಾಳನ್ನು ಒರಟು ಎನ್ನುವುದೇ?

ಲಕ್ಷ್ಮಣಯ್ಯನವರು 1964ರ ಸುಮಾರಿಗೆ ಬೇರೆ ಕಡೆ ನೋಡಿದರು. ರಾಗಿಯ ತವರು ನಮ್ಮ ನಾಡಲ್ಲ, ಪೂರ್ವ ಆಫ್ರಿಕಾದ ಎತ್ತರದ ನೆಲ. ಇಥಿಯೋಪಿಯಾ, ಉಗಾಂಡದ ಕಡೆಯದು. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಳು ನಮ್ಮಲ್ಲಿಗೆ ಬಂದು, ಸೊಸೆ ಮನೆಯವಳಾಗುವಂತೆ ಈ ನೆಲದವಳೇ ಆಗಿಬಿಟ್ಟಿತು. ಬರ ತಡೆಯುವುದನ್ನು ಕಲಿಯಿತು, ನಮ್ಮ ಮಳೆಗಾಲದ ಲೆಕ್ಕಕ್ಕೆ ತಕ್ಕಂತೆ ಬೇಗ ಮಾಗುವುದನ್ನು ಕಲಿಯಿತು. ತವರಿನಲ್ಲೇ ಉಳಿದ ರಾಗಿಗೆ ಬೇರೆ ಗುಣ ಬಂತು. ದಪ್ಪ ಕಡ್ಡಿ, ಅಗಲ ಎಲೆ, ಮುಷ್ಟಿ ಬಿಗಿದಂಥ ತೆನೆ, ತೂಕದ ಕಾಳು. ಈ ಎರಡನ್ನೂ ಮತ್ತೆ ಕೂಡಿಸಿದರೆ? ಅಗಲಿದ ಅಕ್ಕ ತಂಗಿಯರ ಮಕ್ಕಳ ನಡುವೆ ಬೀಗತನ ಮಾಡಿದಂತೆ. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಆ ತಳಿಗಳಿಗೆ ‘ಇಂಡಾಫ್’ ಎಂಬ ಹೆಸರಾಯಿತು.

ಹೆಸರು ಇಟ್ಟಷ್ಟು ಬೇಗ ತಳಿ ಬರಲಿಲ್ಲ. ಸಂಕರದ ಮೊದಲ ತಲೆಮಾರು ಒಂದೇ ತೆರನಾಗಿರುತ್ತದೆ. ಎರಡನೆಯದರಲ್ಲಿ ಎಲ್ಲ ಚೆಲ್ಲಾಪಿಲ್ಲಿ: ಒಂದು ಗಿಡ ಎತ್ತರ, ಒಂದು ಗಿಡ್ಡ, ಒಂದರ ತೆನೆ ಬಿಚ್ಚಿದೆ, ಇನ್ನೊಂದರದು ಮುಚ್ಚಿದೆ, ಒಂದು ನೂರು ದಿನಕ್ಕೆ ಮಾಗಿದರೆ ಇನ್ನೊಂದು ನೂರ ಮೂವತ್ತಾದರೂ ಹಸಿರು. ಅದರಲ್ಲಿ ಬೇಕಾದ ಗಿಡಗಳನ್ನು ಆರಿಸಿ, ಒಂದೊಂದು ತೆನೆಯನ್ನು ಒಂದೊಂದು ಸಾಲಾಗಿ ಬಿತ್ತಿ, ಮತ್ತೆ ಆರಿಸಿ, ಮತ್ತೆ ಬಿತ್ತಿ, ಆರೇಳು ತಲೆಮಾರು ಕಳೆದ ಮೇಲೆ ಸಾಲಿನ ಗಿಡಗಳೆಲ್ಲ ಒಂದೇ ಬಗೆಯಾಗಿ ನಿಲ್ಲುತ್ತವೆ. ಆರಿಸುವವನಿಗೆ ಯಂತ್ರದ ನೆರವಿಲ್ಲ. ಬಿಸಿಲಿನಲ್ಲಿ ಬಗ್ಗಿ, ಗಿಡದಿಂದ ಗಿಡಕ್ಕೆ ಹೋಗಿ ಕಣ್ಣಿನಿಂದಲೇ ಅಳೆಯಬೇಕು. ಕೊನೆಗೂ ಇಂಡಾಫ್ ರೈತರ ಹೊಲಕ್ಕೆ ಬಂತು. ಮುಂಗಾರಿನಲ್ಲೇ ಬಿತ್ತುವವರಿಗೆ ಇಂಡಾಫ್-8, ಮಳೆ ತಡವಾಗಿ ಕೈಕೊಟ್ಟವರಿಗೆ ಬೇಗ ಮಾಗುವ ಇಂಡಾಫ್-9, ನೀರಿದ್ದವರ ಬೇಸಿಗೆ ಬೆಳೆಗೂ ಒದಗುವ ಇಂಡಾಫ್-5. ರೈತನ ಮಳೆ ಯಾವಾಗ ಬರುತ್ತದೋ ಅದಕ್ಕೆ ತಕ್ಕ ತಳಿ ಇರಬೇಕು ಎಂಬ ಆ ಅರಿವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1993ರಲ್ಲಿ ಅವರು ತೀರಿಕೊಂಡರು. ರೈತರು ಅವರನ್ನು ರಾಗಿ ಬ್ರಹ್ಮ ಎಂದು ಕರೆದರು. ಅದು ಉಪಚಾರಕ್ಕೆ ಆಡಿದ ಮಾತಲ್ಲ.

ಹಾಗೆಂದು ಕಥೆ ಸುಖಾಂತವಾಗಲಿಲ್ಲ. ದಪ್ಪ ಕಡ್ಡಿಯ ಹುಲ್ಲನ್ನು ದನ ಮೂಸಿ ಬಿಡುತ್ತದೆ ಎಂದು ಹೇಳುವ ಹೆಂಗಸರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ, ಬಣವೆಯೂ ಬೆಳೆಯ ಅರ್ಧ ಬೆಲೆ. ಅದಕ್ಕಿಂತ ದೊಡ್ಡ ಪೆಟ್ಟು ಬೆಂಕಿ ರೋಗದ್ದು. ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ತೆನೆಯ ಕುತ್ತಿಗೆ ಹಿಡಿದರೆ ಕಾಳು ಜೊಳ್ಳಾಗುತ್ತದೆ. ತುಂತುರು, ಮೋಡ, ತಂಪು ಒಟ್ಟಿಗೆ ಬಂದ ವಾರದಲ್ಲಿ ಹೊಲವೇ ಸುಟ್ಟಂತೆ ಕಪ್ಪಾಗುತ್ತದೆ. ಇಂಡಾಫ್ ತಳಿಗಳು ಇದಕ್ಕೆ ಬಗ್ಗಿದವು. ಆಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಇಂಡಾಫ್-5 ಮತ್ತು ಇಂಡಾಫ್-9 ಎರಡರ ರಕ್ತವನ್ನೂ ರೋಗ ತಡೆಯುವ ಮತ್ತೊಂದು ರಾಗಿಯ ಜೊತೆ ಬೆರೆಸಿ ಜಿ.ಪಿ.ಯು.-28 ತಳಿ ತಂದರು. ನಮ್ಮ ಕಡೆಯ ಬಿತ್ತನೆ ಚೀಲಗಳ ಮೇಲೆ ಇಂದು ಆ ಹೆಸರು ಎಲ್ಲರಿಗೂ ಪರಿಚಿತ. ಅಂದರೆ ಲಕ್ಷ್ಮಣಯ್ಯನವರ ರಾಗಿ ಹೋಗಿಲ್ಲ, ಮೊಮ್ಮಕ್ಕಳಲ್ಲಿ ಉಳಿದಿದೆ. ಶಿಲೀಂಧ್ರವೂ ತನ್ನ ವೇಷ ಬದಲಿಸುತ್ತದೆ, ಹಾಗಾಗಿ ಈ ಕೆಲಸಕ್ಕೆ ಮುಕ್ತಾಯ ಎಂಬುದಿಲ್ಲ.

ದನಗಳ ತಳಿಯ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ ಅಲ್ಲಿ ಕಾಲವೇ ಬೇರೆ. ರಾಗಿಯ ಒಂದು ತಲೆಮಾರಿಗೆ ನಾಲ್ಕು ತಿಂಗಳು. ಒಳ್ಳೆಯ ಹೋರಿ ಯಾವುದೆಂದು ತಿಳಿಯುವುದು ಹೇಗೆ? ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣು ಕರುಗಳು ಬೆಳೆದು, ಗಬ್ಬವಾಗಿ, ಈದು, ಒಂದು ಸೂಲಿನ ಹಾಲು ಅಳೆದ ಮೇಲಷ್ಟೇ ಅಪ್ಪನ ಬೆಲೆ ಗೊತ್ತಾಗುವುದು. ಅಷ್ಟರಲ್ಲಿ ಐದಾರು ವರ್ಷಗಳೇ ಕಳೆದಿರುತ್ತವೆ. ಹೊರದೇಶದ ಹಸುವಿನ ಸಂಕರದಿಂದ ನಮ್ಮ ಮನೆಗಳಿಗೆ ಹಾಲು ಬಂತು, ಸಂಬಳದಂತೆ ವಾರಕ್ಕೊಮ್ಮೆ ದುಡ್ಡೂ ಬಂತು. ಅದನ್ನು ನಾನು ಮರೆಯಲಾರೆ. ಆದರೆ ಹಳ್ಳಿಕಾರ್, ಅಮೃತಮಹಲ್ ಕರುಗಳು ಕೊಟ್ಟಿಗೆಯಿಂದ ಕಾಣೆಯಾದರೆ ನಾಳೆ ಬಿಸಿಲು ತಡೆಯುವ ಗುಣವನ್ನು ಯಾರ ಮನೆಯಿಂದ ಎರವಲು ತರುವುದು? ಲಕ್ಷ್ಮಣಯ್ಯನವರು ರಾಗಿಯ ತವರಿನ ಕಡೆ ನೋಡಿದಾಗ ತವರು ಅಲ್ಲಿ ಇತ್ತು. ಅದಕ್ಕೇ ನೆಂಟಸ್ತನ ಕೂಡಿಬಂತು.

ನಮ್ಮ ಅಮ್ಮ ಶಾಲೆಗೆ ಹೋದವಳಲ್ಲ. ಕೊಯ್ಲಿಗೆ ನಾಲ್ಕು ದಿನ ಮುಂಚೆ ಮಡಿಲಿಗೆ ಒಂದು ಬಟ್ಟೆ ಕಟ್ಟಿಕೊಂಡು ಹೊಲಕ್ಕೆ ಇಳಿಯುತ್ತಿದ್ದಳು. ಬದುವಿನ ಅಂಚಿನ ಗಿಡಗಳನ್ನು ಮುಟ್ಟುತ್ತಿರಲಿಲ್ಲ. ‘ಅಂಚಿನದು ಜಾಗ ಸಿಕ್ಕಿ ಕೊಬ್ಬಿದ್ದು, ನಡುವಿನದು ಕಿತ್ತಾಡಿ ಬೆಳೆದದ್ದು’ ಎನ್ನುತ್ತಿದ್ದಳು. ನಡುಹೊಲದ ತುಂಬು ತೆನೆಗಳನ್ನೇ ಮುರಿದು ತಂದು, ಅಟ್ಟದ ಜಂತೆಗೆ ಹೊಗೆ ತಾಗುವಂತೆ ನೇತುಹಾಕುತ್ತಿದ್ದಳು. ಈ ಸಲ ನೀವೂ ಹಾಗೆ ಒಂದು ಸುತ್ತು ಹೋಗಿಬನ್ನಿ. ಪಕ್ಕದ ಗಿಡಕ್ಕೆ ಬೆಂಕಿ ರೋಗ ಬಂದಿದ್ದರೂ ತಾನು ಹಸಿರಾಗಿ ನಿಂತ ಒಂದು ತೆನೆ ಕಂಡರೆ, ಅದಕ್ಕೆ ಒಂದು ದಾರ ಕಟ್ಟಿ ಗುರುತು ಮಾಡಿ. ಅದರ ಕಾಳನ್ನು ರಾಶಿಗೆ ಸೇರಿಸದೆ ಬೇರೆಯಾಗಿ ಇಟ್ಟುಕೊಂಡು, ಮುಂದಿನ ಮುಂಗಾರಿಗೆ ಹೊಲದ ನಡುವೆ ಒಂದೇ ಒಂದು ಸಾಲು ಬಿತ್ತಿ ನೋಡಿ.

ನಮಸ್ಕಾರ.