ಹೆಣ್ಣು ಕೇಳಲು ಹೋದ ಸೈನ್ಯ

ಕೇಳುಗರಿಗೆ ನಮಸ್ಕಾರ.

1547ರ ಸೆಪ್ಟೆಂಬರ್ 10, ಶನಿವಾರ. ಎಡಿನ್‌ಬರೋದಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಎಸ್ಕ್ ಎಂಬ ಹೊಳೆ ಸಮುದ್ರ ಸೇರುತ್ತದೆ. ಹೊಳೆಯ ಆಚೆ ದಡದಲ್ಲಿ ಸ್ಕಾಟ್ಲೆಂಡಿನ ಸೈನ್ಯ, ಈಚೆಗೆ ಇಂಗ್ಲೆಂಡಿನದು. ಸ್ಕಾಟರದು ದೊಡ್ಡ ಪಡೆ. ಜಾಗವೂ ಭದ್ರ: ಮುಂದೆ ಹೊಳೆ, ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಜೌಗು. ಸುಮ್ಮನೆ ಅಲ್ಲೇ ಕೂತಿದ್ದರೆ ಸಾಕಿತ್ತು. ಅವತ್ತು ಬೆಳಿಗ್ಗೆ ಅವರೇ ಹೊಳೆ ದಾಟಿ ಬಂದರು. ಕಡಲಲ್ಲಿ ಲಂಗರು ಹಾಕಿದ್ದ ಇಂಗ್ಲಿಷ್ ಹಡಗುಗಳು ಎಡಗಡೆಯಿಂದ ಗುಂಡು ಹಾರಿಸಿದವು. ಉದ್ದುದ್ದ ಈಟಿ ಹಿಡಿದ ಕಾಲಾಳುಗಳು ಶತ್ರುವಿನ ಕುದುರೆಗಳನ್ನೇನೋ ಒಮ್ಮೆ ತಡೆದರು. ಆದರೆ ನಿಂತಲ್ಲೇ ನಿಂತವರ ಮೇಲೆ ಫಿರಂಗಿ, ಕೋವಿ, ಬಾಣ ಮೂರೂ ಸುರಿದಾಗ ಸಾಲು ಒಡೆಯಿತು. ಆಮೇಲೆ ಓಡುವವರನ್ನು ಅಟ್ಟಿಸಿಕೊಂಡು ಹೋಗಿ ಕಡಿದರು. ಸಾವಿರಾರು ಜನ ಸತ್ತರು. ಚರಿತ್ರೆಯಲ್ಲಿ ಇದು ಪಿಂಕಿ ಕಾಳಗ. ಸ್ಕಾಟರ ಬಾಯಲ್ಲಿ ಕರಿ ಶನಿವಾರ.

ಇಷ್ಟೆಲ್ಲ ನಡೆದದ್ದು ಒಂದು ಮದುವೆಗಾಗಿ. ವರ ಇಂಗ್ಲೆಂಡಿನ ದೊರೆ ಆರನೇ ಎಡ್ವರ್ಡ್, ವಯಸ್ಸು ಒಂಬತ್ತು. ವಧು ಸ್ಕಾಟ್ಲೆಂಡಿನ ರಾಣಿ ಮೇರಿ, ಅವಳಿಗೆ ಇನ್ನೂ ಐದು ತುಂಬಿರಲಿಲ್ಲ.

ಈ ಸಂಬಂಧ ಹೊಂದಿಸಿದ್ದು ಎಡ್ವರ್ಡನ ಅಪ್ಪ ಎಂಟನೇ ಹೆನ್ರಿ. 1543ರಲ್ಲಿ ಗ್ರೀನಿಚ್‌ನಲ್ಲಿ ಕರಾರು ಆಯಿತು. ಆಗ ಮೇರಿ ತೊಟ್ಟಿಲ ಕೂಸು. ಅದೇ ವರ್ಷದ ಕೊನೆಗೆ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಒಲ್ಲೆ ಎಂದಿತು. ಹೆನ್ರಿಗೆ ಸಿಟ್ಟು ನೆತ್ತಿಗೇರಿತು. ಮರು ವರ್ಷ ಎಡ್ವರ್ಡನ ಸೋದರಮಾವನನ್ನೇ ದಂಡಿನೊಂದಿಗೆ ಕಳಿಸಿ ಎಡಿನ್‌ಬರೋಗೆ ಬೆಂಕಿ ಇಡಿಸಿದ. ಬೀಗರ ಮನೆ ಸುಟ್ಟು ಹೆಣ್ಣು ಕೇಳುವ ಪದ್ಧತಿ ಎಲ್ಲಾದರೂ ಉಂಟೇ? ಪಿಂಕಿಯಲ್ಲಿ ಸೆರೆ ಸಿಕ್ಕ ಹಂಟ್ಲಿಯ ಅರ್ಲ್ ಹೇಳಿದನೆಂದು ಒಂದು ಮಾತು ಉಳಿದುಬಂದಿದೆ: ಸಂಬಂಧಕ್ಕೆ ನನ್ನ ಅಡ್ಡಿಯಿಲ್ಲ, ಹೆಣ್ಣು ಕೇಳುವ ಈ ವರಸೆ ಮಾತ್ರ ಹಿಡಿಸಲಿಲ್ಲ.

1547ರ ಜನವರಿಯಲ್ಲಿ ಹೆನ್ರಿ ತೀರಿಕೊಂಡ. ಹುಡುಗನ ಹೆಸರಲ್ಲಿ ರಾಜ್ಯಭಾರ ಹಿಡಿದವನು ಅದೇ ಸೋದರಮಾವ, ಸಾಮರ್ಸೆಟ್ಟಿನ ಡ್ಯೂಕ್. ಅವನನ್ನು ಬರೀ ದುಡುಕ ಅಂದರೆ ತಪ್ಪಾಗುತ್ತದೆ. ದಾಳಿ ಮಾಡುವುದು, ಸುಡುವುದು, ವಾಪಸ್ ಬರುವುದು, ಇದರಿಂದ ಏನೂ ಸಿಗದು ಎಂದು ಅವನು ಸ್ವಂತ ಅನುಭವದಿಂದಲೇ ಕಲಿತಿದ್ದ. ಈ ಸಲ ಹೋದವರು ಅಲ್ಲೇ ಉಳಿಯಬೇಕು, ಗಡಿಯಿಂದ ಟೇ ನದಿಯವರೆಗೆ ಅಲ್ಲಲ್ಲಿ ಕೋಟೆ ಕಟ್ಟಿ ಕೂರಬೇಕು ಎಂಬುದು ಅವನ ಲೆಕ್ಕ. ಜೊತೆಗೆ ಸ್ಕಾಟರಿಗೆ ಒಂದು ಬಹಿರಂಗ ಪತ್ರವನ್ನೂ ಅಚ್ಚು ಹಾಕಿಸಿದ. ಇಂಗ್ಲಿಷರು, ಸ್ಕಾಟರು ಎಂಬ ಹೆಸರುಗಳೇ ಬೇಡ, ಇಬ್ಬರೂ ಬ್ರಿಟನ್ನರಾಗೋಣ ಎಂದು ಅದರಲ್ಲಿ ಕರೆ.

ಹ್ಯಾಡಿಂಗ್ಟನ್ ಊರಿಗೆ ಹೋದರೆ ಈ ಲೆಕ್ಕ ತಪ್ಪಿದ್ದು ಕಣ್ಣಿಗೆ ಕಾಣುತ್ತದೆ. 1548ರ ವಸಂತದಲ್ಲಿ ಇಂಗ್ಲಿಷರು ಆ ಊರು ಹಿಡಿದು ಸುತ್ತ ಮಣ್ಣಿನ ಕೊತ್ತಲ ಎಬ್ಬಿಸಿದರು. ಊರು ಸಮುದ್ರದ ದಂಡೆಯಲ್ಲಿಲ್ಲ. ಕಾಳು, ಮದ್ದು, ಗುಂಡು ಎಲ್ಲವೂ ಶತ್ರುವಿನ ನೆಲದ ಮೇಲೆ ಹಾದು ಬರಬೇಕು. ಜೂನ್‌ನಲ್ಲಿ ಲೀತ್ ಬಂದರಿಗೆ ಸಾವಿರಾರು ಫ್ರೆಂಚ್ ಸೈನಿಕರು ಬಂದಿಳಿದು ಊರಿಗೆ ಮುತ್ತಿಗೆ ಹಾಕಿದರು. ಜುಲೈ 7ರಂದು ಊರ ಹೊರಗಿನ ಸನ್ಯಾಸಿನಿಯರ ಮಠದಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟು ಸೇರಿ, ಮೇರಿಯನ್ನು ಫ್ರಾನ್ಸಿನ ಯುವರಾಜನಿಗೆ ಕೊಡಲು ಒಪ್ಪಿತು. ಕೋಟೆಯೊಳಗೆ ಗಂಡಿನ ಕಡೆಯವರು ಹಸಿದು ಕೂತಿದ್ದಾಗ ಗೋಡೆಯಾಚೆ ಹೆಣ್ಣಿಗೆ ಬೇರೆ ಗಂಡು ಗೊತ್ತಾಯಿತು. ಆಗಸ್ಟ್‌ನಲ್ಲಿ, ಪಶ್ಚಿಮ ತೀರದ ಡಂಬಾರ್ಟನ್‌ನಿಂದ ಫ್ರೆಂಚ್ ಹಡಗುಗಳು ಐದು ವರ್ಷದ ರಾಣಿಯನ್ನು ಕರೆದುಕೊಂಡು ಹೊರಟುಹೋದವು.

ಇನ್ನು ಅಲ್ಲಿ ಕೋಟೆ ಯಾಕೆ? ಆದರೂ ಸಾಮರ್ಸೆಟ್ ಬಿಡಲಿಲ್ಲ. ಉಗುಳಲಾರದ ನುಂಗಲಾರದ ಬಿಸಿತುಪ್ಪ. ಸ್ಕಾಟ್ಲೆಂಡ್ ಯುದ್ಧಕ್ಕೆ ಖರ್ಚಾದದ್ದು ಸುಮಾರು 5,80,000 ಪೌಂಡು. ಬೊಕ್ಕಸ ತುಂಬಿಸಲು ನಾಣ್ಯದಲ್ಲಿ ಬೆಳ್ಳಿ ಕಡಿಮೆ ಮಾಡಿದರು. ಪೇಟೆಯಲ್ಲಿ ಬೆಲೆ ಏರಿತು. 1549ರ ಬೇಸಿಗೆಯಲ್ಲಿ ಇಂಗ್ಲೆಂಡಿನೊಳಗೇ ಪಶ್ಚಿಮದಲ್ಲಿ ಒಂದು, ಪೂರ್ವದ ನಾರಿಚ್‌ನಲ್ಲಿ ಇನ್ನೊಂದು ಬಂಡಾಯ. ಫ್ರಾನ್ಸಿನ ಎರಡನೇ ಹೆನ್ರಿ ಕಾದಿದ್ದೇ ಇಂಥ ಗಳಿಗೆಗೆ. ಆಗಸ್ಟ್‌ನಲ್ಲಿ ಯುದ್ಧ ಸಾರಿ, ಹಿಂದೆ ಇಂಗ್ಲಿಷರು ಕಸಿದಿದ್ದ ಬುಲೋನ್ ಬಂದರಿನ ಮೇಲೆ ಬಿದ್ದ. ಸೆಪ್ಟೆಂಬರ್‌ನಲ್ಲಿ ಹ್ಯಾಡಿಂಗ್ಟನ್ ಖಾಲಿಯಾಯಿತು. ಅಕ್ಟೋಬರ್‌ನಲ್ಲಿ ಸಾಮರ್ಸೆಟ್ ಅಧಿಕಾರ ಕಳೆದುಕೊಂಡ.

ಅವನ ಜಾಗಕ್ಕೆ ಬಂದ ವಾರಿಕ್, ಮುಂದೆ ನಾರ್ತಂಬರ್ಲೆಂಡಿನ ಡ್ಯೂಕ್ ಆದವನು, 1550ರ ಮಾರ್ಚ್‌ನಲ್ಲಿ ಬುಲೋನನ್ನು 4 ಲಕ್ಷ ಕ್ರೌನಿಗೆ ಫ್ರಾನ್ಸಿಗೆ ಬಿಟ್ಟುಕೊಟ್ಟ. ಎಂಟನೇ ಹೆನ್ರಿ ಮಾಡಿಕೊಂಡಿದ್ದ ಒಪ್ಪಂದದಲ್ಲಿ ಅದರ ಬೆಲೆ 20 ಲಕ್ಷ ಇತ್ತು. ಮಾನ ಹೋಯಿತು ಎಂದು ಬೈದವರು ಅಂದೂ ಇದ್ದರು, ಇಂದೂ ಇದ್ದಾರೆ. ನಾನು ಆ ಸಾಲಿಗೆ ಸೇರುವವನಲ್ಲ. ಬೊಕ್ಕಸದಲ್ಲಿ ಕಾಸಿಲ್ಲ, ಊರಲ್ಲಿ ದಂಗೆ, ಸಿಂಹಾಸನದ ಮೇಲೆ ಮಗು. ಇಂಥ ಹೊತ್ತಲ್ಲಿ ಕೊಟ್ಟಷ್ಟಕ್ಕೆ ಮಾರಿ ಮನೆ ಸೇರಿದ್ದು ಜಾಣತನ.

ಸ್ಕಾಟ್ ಹುಡುಗಿ ಕೈತಪ್ಪಿದ ಮೇಲೆ ಫ್ರೆಂಚ್ ದೊರೆಯ ಮಗಳನ್ನೇ ಕೇಳಿದರು. 1551ರಲ್ಲಿ ಒಪ್ಪಂದವಾಯಿತು, ಹುಡುಗಿ ಎಲಿಜಬೆತ್‌ಗೆ ಆರು ವರ್ಷ. ಇಂಗ್ಲಿಷರು ಭಾರೀ ಮೊತ್ತಕ್ಕೆ ಬಾಯಿಬಿಟ್ಟರೂ ವರದಕ್ಷಿಣೆ ಕೊನೆಗೆ ನಿಂತದ್ದು 2 ಲಕ್ಷ ಕ್ರೌನಿಗೆ. ಎಡ್ವರ್ಡ್ ದಿನಚರಿ ಬರೆಯುತ್ತಿದ್ದ. ಹುಡುಗಿಯನ್ನು ಒಡವೆ ವಸ್ತುಗಳೊಂದಿಗೆ ಕಳಿಸಬೇಕೆಂಬ ಬೇಡಿಕೆಯನ್ನೂ ಅದರಲ್ಲಿ ಗುಮಾಸ್ತನ ಹಾಗೆ ಗುರುತು ಹಾಕಿಕೊಂಡಿದ್ದಾನೆ. 1552ರ ಜನವರಿಯಲ್ಲಿ ಸೋದರಮಾವನ ತಲೆ ಕಡಿದ ಸುದ್ದಿಗೂ ಅವನು ಕೊಟ್ಟಿದ್ದು ಒಂದೇ ವಾಕ್ಯ: ಜಾಗ ಯಾವುದು, ಹೊತ್ತು ಎಷ್ಟು, ಅಷ್ಟೇ.

1551ರ ನವೆಂಬರ್‌ನಲ್ಲಿ ಒಂದು ಔತಣ ನಡೆಯಿತು. ಫ್ರಾನ್ಸಿನಿಂದ ಸ್ಕಾಟ್ಲೆಂಡಿಗೆ ಮರಳುತ್ತಿದ್ದ ಮೇರಿಯ ತಾಯಿ ದಾರಿಯಲ್ಲಿ ಲಂಡನ್ನಿಗೆ ಬಂದಳು. ವೈಟ್‌ಹಾಲ್ ಅರಮನೆಯಲ್ಲಿ ಹದಿನಾಲ್ಕರ ದೊರೆಯ ಜೊತೆ, ಅವನಿಗೆ ಅತ್ತೆಯಾಗಬೇಕಿದ್ದವಳು ಅತಿಥಿಯಾಗಿ ಊಟಕ್ಕೆ ಕುಳಿತಳು. 1553ರ ಜುಲೈನಲ್ಲಿ ಎಡ್ವರ್ಡ್ ತೀರಿಕೊಂಡ, ಮದುವೆ ಯಾವುದೂ ಆಗದೆ.

ಅದಕ್ಕೂ ಹಿಂದಿನ ವರ್ಷ ನಡೆದ ಒಂದು ಕೆಲಸ ಉಳಿದಿದೆ. ಎರಡೂ ರಾಜ್ಯಗಳ ನಡುವೆ, ಪಶ್ಚಿಮ ತುದಿಯಲ್ಲಿ, ತಕರಾರಿನ ನೆಲ ಎಂದೇ ಹೆಸರಾದ ಒಂದು ಪಟ್ಟಿ ಇತ್ತು. ಹಗಲಲ್ಲಿ ಯಾರು ಬೇಕಾದರೂ ದನ ಮೇಯಿಸಬಹುದು, ಮನೆ ಮಾತ್ರ ಕಟ್ಟುವಂತಿಲ್ಲ. ಕಳ್ಳರಿಗೆ ಅದು ತವರು. 1552ರಲ್ಲಿ ಅದನ್ನು ಪಾಲು ಮಾಡಲು ಕೂತಾಗ ಇಂಗ್ಲಿಷರು ಒಂದು ಗೆರೆ ಎಳೆದರು, ಸ್ಕಾಟರು ಇನ್ನೊಂದು. ನಡುವೆ ಮೂರನೆಯದನ್ನು ಎಳೆದು ರಾಜಿ ಮಾಡಿಸಿದವನು ಫ್ರೆಂಚ್ ರಾಯಭಾರಿ. ಆ ಗೆರೆಯ ಮೇಲೆ ಸುಮಾರು 5.5 ಕಿಲೋಮೀಟರ್ ಉದ್ದಕ್ಕೆ ಎರಡು ಕಾಲುವೆ ತೋಡಿ, ಮಣ್ಣನ್ನು ಮಧ್ಯಕ್ಕೆ ಏರಿ ಹಾಕಿದರು. ಮರಗಳ ನಡುವೆ ಆ ಏರಿಯ ಗುರುತು ಈಗಲೂ ಅಲ್ಲಲ್ಲಿ ಸಿಗುತ್ತದೆ. ಗಡಿಯೂ ಈಗ ಅದೇ ಸಾಲಿನಲ್ಲಿ ಹಾದುಹೋಗುತ್ತದೆ.

ನಮಸ್ಕಾರ.