ಸೂಜಿ ಚುಚ್ಚಿ ಅರ್ಧ ಗಂಟೆ ಕೂರಿಸ್ತೀರಲ್ಲ, ಆಗ ಕೇಳಿ!

ನಮಸ್ಕಾರ, ವಾಸ್ಕೋದಿಂದ ನಿಮ್ಮ ಅಕ್ಕ. ಹಿಂದೆ ಫ್ಯಾನ್ ಸದ್ದು ಬಂದರೆ ಹೊಂದಿಸಿಕೊಳ್ಳಿ. ಗೋವಾದ ಸೆಕೆ ಗೊತ್ತಲ್ಲ, ಆರಿಸಿದರೆ ರೆಕಾರ್ಡಿಂಗ್ ಅರ್ಧಕ್ಕೇ ನಿಲ್ಲುತ್ತದೆ.

ಲಸಿಕೆಯ ದಿನವೇ ಕೂಸಿನ ಮತ್ತು ತಾಯಿಯ ಮನಸ್ಸಿನ ಆರೋಗ್ಯವನ್ನೂ ವಿಚಾರಿಸಿ ಅಂತ ಹೋದ ವಾರದ ವಿಡಿಯೋದಲ್ಲಿ ಹೇಳಿದ್ದೆ. ಅದರ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ. "ಹಾಲು ಕುಡಿಯೋ ಕೂಸಿಗೂ ಮನಸ್ಸಿನ ಪರೀಕ್ಷೆನಾ ಮೇಡಂ? ಮುಂದೆ ಹೊಟ್ಟೆಯೊಳಗಿನ ಮಗುಗೂ ಇಂಟರ್‌ವ್ಯೂ ಮಾಡಿ." ಆ ಕಾಮೆಂಟಿಗೆ ಬಿದ್ದಷ್ಟು ಲೈಕು ನನ್ನ ವಿಡಿಯೋಗೂ ಬಿದ್ದಿಲ್ಲ. ಸರಿ ಸ್ವಾಮಿ, ಇವತ್ತು ಪೂರ್ತಿ ಅದೇ ಮಾತಾಡೋಣ.

ನಾನು ಹೇಳಿದ್ದು ಇಷ್ಟೇ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿ ಅನ್ನುತ್ತಾರೆ. ಕೂಸಿಗೆ ಏನಾದರೂ ಆದರೆ ನೋಡುವವರು ಹತ್ತಿರ ಇರಲಿ ಅಂತ. ಒಳ್ಳೇದು. ಆ ಅರ್ಧ ಗಂಟೆ ತಾಯಿ ಏನು ಮಾಡುತ್ತಾಳೆ? ಗೋಡೆ ಮೇಲಿನ ಪೋಸ್ಟರ್ ನೋಡುತ್ತಾಳೆ. ಆಗ ಅವಳನ್ನು ನಾಲ್ಕು ಮಾತು ಕೇಳಿ. ಕೂಸು ನಿನ್ನ ಮುಖ ನೋಡಿ ನಗುತ್ತಾ? ಅಳುವಾಗ ಎತ್ತಿಕೊಂಡರೆ ಸುಮ್ಮನಾಗುತ್ತಾ? ಹೆಸರು ಹಿಡಿದು ಕರೆದರೆ ತಿರುಗುತ್ತಾ? ನೀನು ಹೇಗಿದ್ದೀಯಮ್ಮ, ನಿದ್ದೆ ಬರುತ್ತಾ? ಮುಗೀತು. ಇದು ಇಂಟರ್‌ವ್ಯೂ ಅಂತೆ!

ಮೊನ್ನೆ ನಮ್ಮ ಓಣಿಯ ಹುಡುಗಿಯ ಜೊತೆ ಲಸಿಕೆಗೆ ಹೋಗಿದ್ದೆ. ಬಾಗಲಕೋಟೆ ಕಡೆಯವಳು. ತವರಲ್ಲಿ ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಇಲ್ಲಿಗೆ ಬಂದವಳು. ನಮ್ಮ ಕಡೆಯ ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಕೂತಿದ್ದಳು. ಕೂಸಿಗೆ 9 ತಿಂಗಳು. ನರ್ಸ್ ತೂಕ ನೋಡಿದರು, ಬರೆದರು. "ಕುಛ್ ತಕ್ಲೀಫ್?" ಅಂದರು, ಏನಾದರೂ ತೊಂದರೆನಾ ಅಂತ ಹಿಂದಿಯಲ್ಲಿ. ಹುಡುಗಿ ತಲೆ ಅಲ್ಲಾಡಿಸಿದಳು. ಆ ತಲೆ ಹೌದು ಅಂತ ಅಲ್ಲಾಡಿತೋ ಇಲ್ಲ ಅಂತ ಅಲ್ಲಾಡಿತೋ ಪಕ್ಕದಲ್ಲಿದ್ದ ನನಗೇ ತಿಳಿಯಲಿಲ್ಲ. ಸೂಜಿ ಆಯಿತು. ಯಾವ ಲಸಿಕೆ, ಮುಂದಿನದು ಯಾವಾಗ, ಜ್ವರ ಬಂದರೆ ಏನು ಮಾಡಬೇಕು, ಕಾರ್ಡ್ ಜೋಪಾನ. ನಾಲ್ಕೂ ಮಾತು ಚೆನ್ನಾಗಿ ಹೇಳಿದರು. ಬೆಂಚಿಗೆ ಬಂದು ಕೂತೆವು. ಆಗ ಅವಳು ಮೆಲ್ಲಗೆ ಅಂದಳು, "ಅಕ್ಕಾ, ಇದು ಯಾರು ಎತ್ತಿಕೊಂಡ್ರೂ ಸುಮ್ನೆ ಇರ್ತದ. ನನ್ನನ್ನ ಹುಡುಕೋದೇ ಇಲ್ಲ. ನಮ್ಮತ್ತಿ ಭಾಳ ಗುಣದ ಕೂಸು ಅಂತಾರ."

ಅದು ಏನೂ ಇಲ್ಲದೆಯೂ ಇರಬಹುದು. ಆದರೆ 9 ತಿಂಗಳಿಗೆ ಹೆಚ್ಚಿನ ಕೂಸುಗಳು ಹೊಸಬರನ್ನು ಕಂಡರೆ ಅಮ್ಮನ ಸೆರಗು ಹಿಡಿಯುತ್ತವೆ. ಹೆಸರಿಗೆ ತಿರುಗುತ್ತವೆ. ಮುಖ ಮುಚ್ಚಿ ತೆಗೆದು ಆಡಿಸಿದರೆ ಕಿಲಕಿಲ ನಗುತ್ತವೆ. ಹಾಗಾಗಿ ಆ ಮಾತು ಕೇಳಿಸಿಕೊಳ್ಳಬೇಕಾದವರ ಕಿವಿಗೆ ಬೀಳಬೇಕಿತ್ತು. ಬಿದ್ದದ್ದು ಚಟ್ನಿ ಪುಡಿ ಮಾರುವ ನನ್ನ ಕಿವಿಗೆ. ಹೌದು, ಶೇಂಗಾ ಚಟ್ನಿ ಪುಡಿ ಈ ವಾರವೂ ಇದೆ, ಆಮೇಲೆ ಹೇಳುತ್ತೇನೆ.

ಇದು ನನ್ನ ತಲೆಯಿಂದ ಹುಟ್ಟಿದ್ದೇನೂ ಅಲ್ಲ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದವರು ಮಾಡಿದ ಏಜಸ್ ಆಂಡ್ ಸ್ಟೇಜಸ್ ಅನ್ನೋ ಪ್ರಶ್ನಾವಳಿ ಇದೆ. ಮಕ್ಕಳ ಭಾವನೆ, ಒಡನಾಟಕ್ಕೆ ಅಂತಲೇ ಅದರಲ್ಲಿ ಬೇರೆ ಫಾರ್ಮು. ಈಗಿನದು ಒಂದು ತಿಂಗಳ ಕೂಸಿನಿಂದಲೇ ಶುರು. ತುಂಬುವವರು ಅಪ್ಪ ಅಮ್ಮ. ಅಳುವ ಕೂಸು ಅರ್ಧ ಗಂಟೆಯೊಳಗೆ ಸಮಾಧಾನ ಆಗುತ್ತಾ ಅನ್ನೋ ಥರದ ಪ್ರಶ್ನೆಗಳು. ಅರ್ಧ ಗಂಟೆ! ನಮ್ಮಲ್ಲಿ ಸೂಜಿ ಚುಚ್ಚಿ, ಅಳಿಸಿ, ಸರಿಯಾಗಿ ಅರ್ಧ ಗಂಟೆ ಕೂರಿಸಿದ್ದಾರೆ. ಉತ್ತರ ಕಣ್ಣೆದುರೇ ಕೂತು ಅಳುತ್ತಿದೆ, ಕೇಳುವವರಿಲ್ಲ.

ಇನ್ನು ತಾಯಿಯ ವಿಷಯ. ಇದೇ ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಅವರ ಸಂಗಡಿಗರು ಬಾಣಂತಿಯರನ್ನು ಮಾತಾಡಿಸಿ 2002ರಲ್ಲಿ ವರದಿ ಮಾಡಿದರು. ಹೆರಿಗೆಯಾದ 6ರಿಂದ 8 ವಾರಕ್ಕೆ 23% ತಾಯಂದಿರಲ್ಲಿ ಖಿನ್ನತೆ. ಬಡತನ, ಗಂಡ ಹೆಂಡತಿ ನಡುವಿನ ತಕರಾರು, ಇವು ದೊಡ್ಡ ಕಾರಣಗಳು. ಮುಂದಿನ ವರ್ಷದ ಅಧ್ಯಯನದಲ್ಲಿ, ಅಂಥ ತಾಯಂದಿರ ಕೂಸುಗಳು 6 ತಿಂಗಳಿಗೆ ಬುದ್ಧಿಯ ಬೆಳವಣಿಗೆಯಲ್ಲೂ ಹಿಂದೆ ಬಿದ್ದದ್ದು ಕಂಡಿತು. ಈಗ ನೀವೇ ಹೇಳಿ, ಹುಟ್ಟಿದಾಗ ಹಾಕುವುದು ಬಿಟ್ಟರೆ ಮುಂದಿನ ಲಸಿಕೆ ಯಾವಾಗ? 6 ವಾರಕ್ಕೆ. ಆ ತಾಯಿ ಎಲ್ಲಿ ಕೂತಿರುತ್ತಾಳೆ? ಅದೇ ಬೆಂಚಿನ ಮೇಲೆ! ಎಡಿನ್‌ಬರೋ ಸ್ಕೇಲ್ ಅಂತ, ಬಾಣಂತಿಯ ಖಿನ್ನತೆ ಗುರುತಿಸೋಕೆ 10 ಪ್ರಶ್ನೆಯ ಹಾಳೆ ಇದೆ. ಕನ್ನಡದಲ್ಲೂ ಇದೆ. ಕೇಳಿ ಅಂದೆ. ತಪ್ಪಾ?

"ಸರ್ಕಾರದ ಯೋಜನೆ ಇದೆಯಲ್ಲ" ಅಂತ ಇನ್ನೊಬ್ಬರು. ಇದೆ ಮಾರಾಯರೇ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ, 2013ರ ಫೆಬ್ರವರಿಯಲ್ಲಿ ಮುಂಬೈ ಮಗ್ಗುಲಿನ ಪಾಲ್ಘರಿನಲ್ಲೇ ಶುರುವಾಯಿತು. ಬೆಳವಣಿಗೆ ಹಿಂದೆ ಬಿದ್ದಿದೆಯಾ ಅಂತ ನೋಡುವುದೂ ಅದರಲ್ಲಿದೆ. ಅದರ ತಪಾಸಣೆ ತಂಡದವರು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಕೆಲಸ ಹುಡುಕಿ ಗೋವಾಕ್ಕೆ ಬಂದ ನಮ್ಮ ಕನ್ನಡದ ಜನ? ಆರು ತಿಂಗಳು ಇಲ್ಲಿ, ಜಾತ್ರೆಗೆ ಊರಿಗೆ, ಮತ್ತೆ ಕೆಲಸ ಸಿಕ್ಕ ಕಡೆ. ತಂಡ ಬಂದ ದಿನ ಕೂಸು ಹುಬ್ಬಳ್ಳಿ ಗಾಡಿಯಲ್ಲಿ. ಆದರೆ ಸೂಜಿಗೆ ಮಾತ್ರ ಬಂದೇ ಬರುತ್ತಾರೆ. ಆ ದಿನ ಹಿಡಿಯಿರಿ ಅನ್ನೋದು ನನ್ನ ವಾದ. ಬೂಸ್ಟರ್ ಲಸಿಕೆ 16ರಿಂದ 24 ತಿಂಗಳ ಒಳಗೆ. ಮಾತು, ಒಡನಾಟದಲ್ಲಿ ತೊಡಕಾಗುವ ಆಟಿಸಂ ಇರಬಹುದಾ ಅಂತ ನೋಡುವ ಎಂ-ಚಾಟ್ ಪ್ರಶ್ನಾವಳಿ, ಈಗಿನದು 20 ಪ್ರಶ್ನೆ, 16ರಿಂದ 30 ತಿಂಗಳ ಮಕ್ಕಳಿಗೆ. ಇದಕ್ಕಿಂತ ಇನ್ನೇನು ಹೊಂದಿಕೆ ಬೇಕು?

"ಸುಮ್ನೆ ಮಗುಗೆ ಹಣೆಪಟ್ಟಿ ಕಟ್ಟುತ್ತೀರಿ" ಅನ್ನೋದು ಮತ್ತೊಂದು. ಬಿಪಿ ನೋಡಿದ ತಕ್ಷಣ ಆಪರೇಷನ್ ಮಾಡುತ್ತಾರಾ? ಪ್ರಶ್ನೆ ಕೇಳುವುದು ಜರಡಿ ಹಿಡಿದ ಹಾಗೆ, ಅಷ್ಟೇ. ಅನುಮಾನ ಬಂದರೆ ಮತ್ತೆ ನೋಡುತ್ತಾರೆ. ಹೆಸರಿಗೆ ತಿರುಗದ ಕೂಸಿಗೆ ಮೊದಲು ಕಿವಿ ಪರೀಕ್ಷೆ ಮಾಡುತ್ತಾರೆ. ಎಷ್ಟೋ ಸಲ ತೊಂದರೆ ಕಿವಿಯದ್ದೇ ಇರುತ್ತದೆ.

ಅಜ್ಜಿ ಪಾರ್ಟಿಯವರೂ ಬಂದಿದ್ದಾರೆ. "ನಮ್ಮಜ್ಜಿ ಹತ್ತು ಹೆತ್ತಳು, ಯಾವ ಫಾರ್ಮೂ ತುಂಬಲಿಲ್ಲ." ನಿಮ್ಮಜ್ಜಿ ಸುತ್ತ ಓಣಿ ತುಂಬ ಹೆಂಗಸರಿದ್ದರು. ಕೂಸು ನಗಲಿಲ್ಲ ಅಂದರೆ ಸಂಜೆಯೊಳಗೆ ನಾಲ್ಕು ಮನೆಗೆ ಸುದ್ದಿ. ಇಲ್ಲಿ ಜುವಾರಿನಗರದಲ್ಲಿ ಒಂದು ತಗಡಿನ ಕೋಣೆ, ಗಂಡ ರಾತ್ರಿ ಪಾಳಿ, ಪಕ್ಕದವರ ಭಾಷೆ ಬೇರೆ. ಅಂದಹಾಗೆ ನಿಮ್ಮಜ್ಜಿ ಇದ್ದಿದ್ದರೆ ನನ್ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿರುತ್ತಿದ್ದರು. ನೀವು ಇನ್ನೂ ಮಾಡಿಲ್ಲ, ನೋಡುತ್ತಿದ್ದೇನೆ.

"ನರ್ಸ್‌ಗೆ ಟೈಮ್ ಎಲ್ಲಿ?" ಇದಕ್ಕೂ ಉತ್ತರ ಬರೆದುಕೊಂಡಿದ್ದೆ, ಆ ಹಾಳೆ ಫ್ಯಾನ್ ಗಾಳಿಗೆ ಎಲ್ಲಿ ಹಾರಿತೋ. ಇರಲಿ. ಟೈಮ್ ಇಲ್ಲದಿದ್ದರೆ ಹಾಳೆ ಕೊಡಿ, ನಮ್ಮ ಹುಡುಗಿಯರೇ ತುಂಬುತ್ತಾರೆ. ಓದಲು ಬಾರದಿದ್ದರೆ ನನ್ನಂಥ ಮಾತಿನ ಮಲ್ಲಿಯನ್ನು ಆ ಬೆಂಚಿನ ಮೇಲೆ ಕೂರಿಸಿ. ಪುಕ್ಕಟೆ ಕೇಳುತ್ತೇನೆ. ಅರ್ಧ ಗಂಟೆ ಇದೆ ರೀ! ಪೂರ್ತಿ ಅರ್ಧ ಗಂಟೆ! ಬಿಡಿ, ಬಿಪಿ ಏರುತ್ತಿದೆ.

ಆ ಇಂಟರ್‌ವ್ಯೂ ಸ್ವಾಮಿಗಳು ಉತ್ತರ ಕೊಡಲಿ, ಪಿನ್ ಮಾಡುತ್ತೇನೆ. ಚಟ್ನಿ ಪುಡಿ ವಾಸ್ಕೋದವರಿಗೆ ಮನೆಗೇ ಬರುತ್ತದೆ, ಮಡಗಾಂವ್‌ನವರು ಗುರುವಾರದವರೆಗೆ ಕಾಯಬೇಕು. ಖಾರ ಕಮ್ಮಿ ಮಾಡಿ ಅನ್ನಬೇಡಿ, ಮಾಡೋದಿಲ್ಲ.