ನಮ್ಮೂರ ಮಳೆ ಲೆಕ್ಕ ನಮ್ಮೂರ ಗೋಡೆ ಮೇಲಿರಲಿ

ಎಲ್ಲರಿಗೂ ಶರಣು ಶರಣಾರ್ಥಿ.

ಹೆಸರು ಕಾಯಿ ಕಪ್ಪಾಗುವ ಹೊತ್ತಲ್ಲಿ ಹೊಲ ಬಿಟ್ಟು ಕಲಬುರಗಿಗೆ ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಹಾಕಿದೆ. ಲೆಕ್ಕ ಗಂಟೆ ಕಳೆಯುವುದರೊಳಗೆ ಬೆಂಗಳೂರಿಗೆ ಮುಟ್ಟುತ್ತದೆ. ಮಾಪಕದ ಪಕ್ಕದ ಹೊಲದವರಿಗೆ ಮಾತ್ರ ನಿನ್ನೆ ಎಷ್ಟು ಮಿಲಿಮೀಟರ್ ಬಿತ್ತು ಅಂತ ಗೊತ್ತಿರುವುದಿಲ್ಲ. ಇದು ಬದಲಾಗಲೇಬೇಕು. ಪಂಚಾಯಿತಿ ಗೋಡೆಯ ಮೇಲೆ ದಿನಾ ಒಂದು ಸಾಲು ಬರೆದರೆ ಸಾಕು.

ಆಳಂದ ಕಡೆಯ ಒಬ್ಬ ಹಿರಿಯರು ಹೋದ ವರ್ಷ ಫೋನ್ ಮಾಡಿದ್ದರು. "ಸರ್, ಕೆಲವು ಕಡೆ ಮಳಿ ಅಂತ ಮೆಸೇಜ್ ಬಂದದರೀ. ಅದರಾಗ ನನ್ನ ಹೊಲ ಅದನೋ ಇಲ್ಲೋ?" ಎಂಥ ಪ್ರಶ್ನೆ ನೋಡಿ! ಹವಾಮಾನ ಇಲಾಖೆ ಹಾಗೆ ಹೇಳಿದರೆ, ಆ ಭಾಗದ ಮಾಪನ ಕೇಂದ್ರಗಳಲ್ಲಿ ಶೇ. 26ರಿಂದ 50ರಷ್ಟರಲ್ಲಿ ಮಳೆ ಬೀಳಬಹುದು ಅಂತ. ಅವರ ಹೊಲದ ಉತ್ತರ ಅದರಲ್ಲಿಲ್ಲ. ಹೆಸರು ಕೊಯ್ದು ಹೊಲದಲ್ಲೇ ಹರವಿದ್ದರು. ನೆನೆದರೆ ಕಾಯೊಳಗೇ ಮೊಳಕೆ, ಅಡತಿಯಲ್ಲಿ ದರ ಅರ್ಧ. ರಾಶಿ ಮಾಡುವ ಮಷೀನಿನವನು "ಇವತ್ತು ಇಲ್ಲಾಂದ್ರ ಮುಂದಿನ ವಾರ" ಅಂದಿದ್ದ. ಬಾಡಿಗೆಯೂ ಜಾಸ್ತಿ. ಮಳೆ ಮುನ್ಸೂಚನೆ ಹೇಳುವ ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿ ಊರು, ಹೋಬಳಿ ಹೇಳಿ ಕೇಳಿರಿ ಅಂದೆ. ಕೇಳಿದರು. ಸಂಜೆಯೊಳಗೆ ರಾಶಿ ಮುಗಿಸಿದರು. ರಾತ್ರಿ ಮಳೆ ಬಂತು, ಆದರೆ ಅವರ ಹೊಲ ಬಿಟ್ಟು ಪಕ್ಕದ ಊರಲ್ಲಿ. "ಸುಮ್ನೆ ಖರ್ಚಾಯಿತೇನೋ" ಅಂದೆ. "ಬಾಡಿಗಿ ಹೋಯ್ತು, ಕಾಳು ಉಳೀತಲ್ರೀ. ಪಕ್ಕದೂರಾಗ ಯಾರದೂ ಉಳೀಲಿಲ್ಲ" ಅಂದರು. ಮುನ್ಸೂಚನೆಯನ್ನು ಹೇಗೆ ಬಳಸಬೇಕು ಅನ್ನುವುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇಕಾಗಿದ್ದದ್ದು ತಮ್ಮ ಊರಿನ ಮಾಹಿತಿ, ಅಷ್ಟೇ.

ಅದಕ್ಕೇ ಗೋಡೆ ಅಂತ ಹಠ ಹಿಡಿದಿದ್ದೇನೆ. ಮಿರಗದ, ಅಂದರೆ ಮೃಗಶಿರಾದ, ಮೊದಲ ಮಳೆಗೇ ಬಿತ್ತಿ, ಆಮೇಲೆ ಮಳೆ ಕೈಕೊಟ್ಟು ಮತ್ತೆ ಬೀಜ ತಂದವರು ಇಲ್ಲಿ ಎಷ್ಟು ಜನರಿಲ್ಲ? 10 ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 40,000 ಲೀಟರ್ ನೀರು. ಕೇಳಲು ದೊಡ್ಡದು. ಬಿರುಕು ಬಿಟ್ಟ ಎರೆಭೂಮಿಗೆ ಅದು ಬರೀ ಮೇಲ್ಪದರ ತೋಯಿಸುತ್ತದೆ. ಜೂನ್ 1ರಿಂದ ಒಟ್ಟು ಎಷ್ಟು ಬಿದ್ದಿದೆ ಅಂತ ಗೋಡೆ ಮೇಲಿದ್ದರೆ, ಬಿತ್ತುವ ಮುಂಚೆ ಒಂದು ಸಲ ನಿಂತು ಯೋಚಿಸಬಹುದು, ಅಲ್ವಾ? ತೊಗರಿ ಹೂವಾಡುವಾಗ ಮೋಡ ಮುಸುಕಿದರೆ ಕಾಯಿಕೊರಕ ಹುಳದ ಚಿಂತೆ. ಆಗ ಮಂಗಳವಾರ, ಶುಕ್ರವಾರದ ಕೃಷಿ ಹವಾಮಾನ ಸಲಹೆಯನ್ನೂ ಅದೇ ಗೋಡೆಗೆ ಅಂಟಿಸಿ. ಔಷಧಿ ಹೊಡೆದ ಸಂಜೆಯೇ ಮಳೆ ಬಂದರೆ ದುಡ್ಡೆಲ್ಲ ನೀರುಪಾಲು.

ಇನ್ನು ಭೀಮಾ ದಂಡೆಯವರು. 2020ರ ಅಕ್ಟೋಬರಿನ ಪ್ರವಾಹ ಯಾರೂ ಮರೆತಿಲ್ಲ. ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಸೊನ್ನ ಬ್ಯಾರೇಜಿಗೆ ಬಂದು ಮುಟ್ಟಲು ಹೊತ್ತು ಹಿಡಿಯುತ್ತದೆ. ಪಂಪ್‌ಸೆಟ್ ಎತ್ತಲು, ದನ ಬಿಚ್ಚಿಕೊಂಡು ಹೋಗಲು ಸಿಗುವುದು ಆ ಹೊತ್ತೇ. ಎಷ್ಟು ಕ್ಯೂಸೆಕ್ ಬಿಟ್ಟರು ಅನ್ನುವುದೂ ಗೋಡೆ ಮೇಲೆ ಬರಲಿ, ಡಂಗುರವೂ ಸಾರಲಿ.

ಚೀಟಿ ಬಂತು, ಸಮಯ ಆಯಿತಂತೆ. ಬೀದರಿನ ಕಾರಂಜಾ ಜಲಾಶಯದ ನೀರಿನ ಮಾತು ಇನ್ನೊಮ್ಮೆ. ಬೆಳೆ ವಿಮೆ ಮಾಡಿಸಿದವರು ಆಲಿಕಲ್ಲು ಬಿದ್ದೋ ಹೊಲದಲ್ಲಿ ನೀರು ನಿಂತೋ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಿ. ಸಿಡಿಲಿನ ಎಚ್ಚರಿಕೆ ಕೊಡಲು ದಾಮಿನಿ ಆ್ಯಪ್ ಇದೆ, ಮಕ್ಕಳ ಕೈಲಿ ಹಾಕಿಸಿಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಗೋಡೆಯ ಮಾತು ಎತ್ತಿ, ಠರಾವು ಬರೆಸಿ. ನಿಮ್ಮೂರ ಮಾಪಕಕ್ಕೆ ಬಳ್ಳಿ ಹಬ್ಬಿದ್ದರೆ, ಕೆಟ್ಟು ನಿಂತಿದ್ದರೆ, ಹೊರಗೆ ಮೇಜಿನ ಮೇಲೆ ಪುಸ್ತಕ ಇಟ್ಟಿದ್ದೇವೆ. ಊಟಕ್ಕೆ ಹೋಗುವ ಮುಂಚೆ ಪಂಚಾಯಿತಿ ಹೆಸರು ಬರೆದು ಹೋಗಿ.